ಮಗನ ಹಿಮ್ಮಡಿ, ಅಪ್ಪನ ಅವಸರ

ಕಳೆದ ಜುಲೈ ತಿಂಗಳ ಒಂದು ಸಂಜೆ ಫುಟ್‌ಬಾಲ್ ಅಭ್ಯಾಸ ಮುಗಿಸಿ ಬಂದ ನನ್ನ 9 ವರ್ಷದ ಮಗ, ಮನೆಯ ಮೆಟ್ಟಿಲ ಮೇಲೆ ಕುಳಿತು, ಶೂಗಳನ್ನು ಬೋರಲು ಹಾಕಿ ಕೃತಕ ಹುಲ್ಲಿನ ಟರ್ಫ್ ಮೈದಾನದ ಕಪ್ಪು ರಬ್ಬರ್ ಕಾಳುಗಳನ್ನೆಲ್ಲ ಕೊಡವಿ, ಹಿಮ್ಮಡಿ ಊರದೆ ತುದಿಗಾಲಿನಲ್ಲೇ ಒಳಗೆ ನಡೆದುಬಂದ. ನಾಲ್ಕೈದು ದಿನಗಳಿಂದ "ಅಪ್ಪಾ, ಹಿಮ್ಮಡಿ ನೋಯ್ತಿದೆ" ಎನ್ನುತ್ತಲೇ ಇದ್ದ. ಶನಿವಾರದ ಪಂದ್ಯ ತಪ್ಪಿಸಿಕೊಳ್ಳಲು ಹೂಡಿದ ನೆಪವೆಂದು ತಿಳಿದು, "ಆಟ ಅಂದಮೇಲೆ ಸ್ವಲ್ಪ ನೋವು ಇರುತ್ತೆ ಕಣೋ, ತಡ್ಕೋ" ಎಂದವನು ನಾನೇ.

ಮಕ್ಕಳ ಮೂಳೆ ವೈದ್ಯರು ಅವನ ಹಿಮ್ಮಡಿಯನ್ನು ಎರಡೂ ಬದಿಯಿಂದ ಬೆರಳುಗಳಲ್ಲಿ ಅದುಮಿದಾಗ ಅವನು ಕಾಲು ಎಳೆದುಕೊಂಡು ಚೀರಿದ. ಸುಮಾರು 8ರಿಂದ 14 ವರ್ಷದ ನಡುವೆ ಹಿಮ್ಮಡಿ ಮೂಳೆಯ ಹಿಂಭಾಗ ಇನ್ನೂ ಬೆಳೆಯುತ್ತಿರುತ್ತದೆ, ಅದರ ಮೇಲೆ ಮೀನಖಂಡದ ಸೆಳೆತವೂ ಓಟದ ಪೆಟ್ಟೂ ಬಿಡುವಿಲ್ಲದೆ ಬಿದ್ದರೆ ಆ ಎಳೆಯ ಭಾಗ ಕೆರಳುತ್ತದೆ ಎಂದು ಅವರು ವಿವರಿಸಿದರು. ಸೀವರ್ಸ್ ಕಾಯಿಲೆ ಎಂದು ಕರೆಯುವ ಈ ತೊಂದರೆ ಶಾಶ್ವತವಾದದ್ದಲ್ಲ, ವಿಶ್ರಾಂತಿ ಕೊಟ್ಟರೆ ಇಳಿಯುತ್ತದೆ. ಆಮೇಲೆ ಅವರು ಕೇಳಿದ್ದು, "ವಾರಕ್ಕೆ ಎಷ್ಟು ದಿನ ಆಡಿಸ್ತೀರಿ?" ಐದು ದಿನ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ಐದು ದಿನಗಳಾಗಿದ್ದು ಹೇಗೆಂದರೆ, ಅವನು ಹೋಗುತ್ತಿದ್ದ ಅಕಾಡೆಮಿಯವರು "ಅಡ್ವಾನ್ಸ್ ಬ್ಯಾಚ್‌ಗೆ ಈಗಲೇ ಸೇರಿಸದಿದ್ದರೆ ಹಿಂದೆ ಬೀಳುತ್ತಾನೆ" ಎಂದಿದ್ದರು, ನಾನು ಹೆದರಿ ಹಣ ಕಟ್ಟಿದ್ದೆ. ಅವನು ನವೆಂಬರಿನಲ್ಲಿ ಹುಟ್ಟಿದವನು. ಫುಟ್‌ಬಾಲಿನಲ್ಲಿ ವಯೋಮಿತಿಯನ್ನು ಸಾಮಾನ್ಯವಾಗಿ ಜನವರಿ 1ರಿಂದ ಲೆಕ್ಕ ಹಾಕುವುದರಿಂದ, ತನಗಿಂತ ಹತ್ತು ತಿಂಗಳು ದೊಡ್ಡವರಾದ, ಒಂದು ಗೇಣು ಎತ್ತರದ ಹುಡುಗರ ಜೊತೆ ಅವನು ಸೆಣಸಬೇಕಿತ್ತು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳೇ ಎಳೆಯರ ತಂಡಗಳಿಗೆ ಹೆಚ್ಚಾಗಿ ಆಯ್ಕೆಯಾಗುವುದನ್ನು ಹಲವು ದೇಶಗಳಲ್ಲಿ ಗುರುತಿಸಿದ್ದಾರೆ. ಹಿಂದೆ ಬಿದ್ದವನೆಂದು ನಾನು ಚಿಂತಿಸಿದ್ದು ಬಹುಪಾಲು ಹುಟ್ಟಿದ ತಿಂಗಳಿನ ವ್ಯತ್ಯಾಸವನ್ನು ನೋಡಿ.

ನಾರ್ವೆಯ ಕ್ರೀಡಾ ಒಕ್ಕೂಟವು 1987ರಲ್ಲೇ ಮಕ್ಕಳ ಕ್ರೀಡೆಗೆಂದು ಪ್ರತ್ಯೇಕ ನಿಯಮಗಳನ್ನು ಮಾಡಿತು. ಈಗಿನ ನಿಯಮದಂತೆ ಅಲ್ಲಿ ಅಂಕಪಟ್ಟಿ, ಶ್ರೇಯಾಂಕಗಳು 11ನೇ ವರ್ಷದಿಂದ, ರಾಷ್ಟ್ರೀಯ ಚಾಂಪಿಯನ್‌ಶಿಪ್ 13ನೇ ವರ್ಷದಿಂದ. ಫುಟ್‌ಬಾಲ್ ತಾರೆ ಎರ್ಲಿಂಗ್ ಹಾಲಂಡ್ ಬೆಳೆದದ್ದು ಇದೇ ವ್ಯವಸ್ಥೆಯಲ್ಲಿ, ಬ್ರೀನೆ ಎಂಬ ಸಣ್ಣ ಊರಿನಲ್ಲಿ. ಬಾಲ್ಯದಲ್ಲಿ ಹ್ಯಾಂಡ್‌ಬಾಲ್, ಅಥ್ಲೆಟಿಕ್ಸ್‌ಗಳನ್ನೂ ಆಡಿಕೊಂಡಿದ್ದವರು. ಅಮೆರಿಕದ ಮಕ್ಕಳ ವೈದ್ಯರ ಸಂಘಟನೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರ ವರದಿಯಲ್ಲಿ, ಒಂದೇ ಆಟಕ್ಕೆ ಕಟ್ಟುಬೀಳುವುದನ್ನು 15-16 ವಯಸ್ಸಿನವರೆಗೆ ಮುಂದೂಡುವುದು ಒಳ್ಳೆಯದೆಂದೂ ವಾರಕ್ಕೆ ಒಂದೆರಡು ದಿನವಾದರೂ ಬಿಡುವಿರಬೇಕೆಂದೂ ಹೇಳಿದೆ.

ಟರ್ಫಿನ ಬಲೆಯ ಈಚೆ ನಿಲ್ಲುವ ನಮ್ಮಂಥ ಅಪ್ಪ-ಅಮ್ಮಂದಿರ ಬಾಯಲ್ಲಿ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಮಾತು ಸದಾ ಇರುತ್ತದೆ. ಆ ಗಾದೆಯನ್ನು ನಾನೂ ನಂಬುತ್ತೇನೆ, ಆದರೆ ಬಗ್ಗಿಸಬೇಕಾದದ್ದು ಏನನ್ನು ಎಂಬುದನ್ನು ಈಗ ಬೇರೆಯಾಗಿ ಯೋಚಿಸುತ್ತೇನೆ. ಹೊತ್ತಿಗೆ ಸರಿಯಾಗಿ ಹೊರಡುವುದು, ತನ್ನ ನೀರಿನ ಬಾಟಲಿಯನ್ನು ತಾನೇ ತುಂಬಿಕೊಳ್ಳುವುದು, ಚೆಂಡು ಕಳೆದುಕೊಂಡ ಗೆಳೆಯನನ್ನು ಬಯ್ಯದಿರುವುದು, ಸೇರಿದ ಮೇಲೆ ಮೂರು ತಿಂಗಳ ತರಬೇತಿಯನ್ನು ಪೂರೈಸುವುದು, ಇವುಗಳಲ್ಲಿ ನಾನು ಕಟ್ಟುನಿಟ್ಟು. ಮಳೆ, ಸೋಮಾರಿತನ ಎಂದರೆ ಕೇಳುವುದಿಲ್ಲ. ಗೋಲು ಎಷ್ಟು, ಯಾವ ಜಾಗದಲ್ಲಿ ಆಡಿಸಿದರು, ಮುಂದಿನ ವರ್ಷ ಆಡುತ್ತಾನೋ ಇಲ್ಲವೋ ಎಂಬುದರಲ್ಲಿ ನಾನು ಕೈಹಾಕುವುದಿಲ್ಲ.

ಕೂಗುವುದನ್ನಂತೂ ಪೂರ್ತಿ ಬಿಟ್ಟಿದ್ದೇನೆ. ಒಂದು ಪಂದ್ಯದಲ್ಲಿ ಬೇರೊಬ್ಬ ಹುಡುಗನಿಗೆ ಕೋಚ್ "ಪಾಸ್ ಕೊಡು" ಎಂದರೆ ಅವನ ಅಪ್ಪ ಹೊರಗಿನಿಂದ "ಹೊಡಿಯೋ, ಹೊಡಿ" ಎಂದು ಅರಚಿದರು. ಆ ಪುಟ್ಟ ಹುಡುಗ ಚೆಂಡನ್ನು ಕಾಲಡಿ ಇಟ್ಟುಕೊಂಡೇ ಅಪ್ಪನ ಮುಖ ನೋಡಿದ. ಅಷ್ಟರಲ್ಲಿ ಚೆಂಡು ಎದುರಾಳಿಯ ಪಾಲಾಯಿತು. ಅವನ ಕಣ್ಣಿನಲ್ಲಿದ್ದ ದಿಗಿಲು ನನಗೆ ಇವತ್ತಿಗೂ ಮರೆತಿಲ್ಲ.

ಆರು ವಾರಗಳ ವಿಶ್ರಾಂತಿಯ ನಂತರ ಮಗ ಮಂಗಳವಾರ ಮತ್ತು ಶನಿವಾರ ಮಾತ್ರ ಹೋಗುತ್ತಿದ್ದಾನೆ. ಅಡ್ವಾನ್ಸ್ ಬ್ಯಾಚಿನ ಹುಡುಗರ ಜೊತೆ ಆಡಬೇಕೆಂದು ಮೊನ್ನೆ ಅವನೇ ಕೇಳಿದ. ಮೂರು ತಿಂಗಳು ನೋವಿಲ್ಲದೆ ಕಳೆಯಲಿ, ವೈದ್ಯರನ್ನು ಕೇಳೋಣ, ಆಗಲೂ ವಾರಕ್ಕೆ ಮೂರೇ ದಿನ ಎಂದಿದ್ದೇನೆ. ಅವನು ಕ್ಯಾಲೆಂಡರಿನಲ್ಲಿ ದಿನ ಎಣಿಸಿ ಜನವರಿಯ ಒಂದು ಶನಿವಾರಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದ್ದಾನೆ.