ಆಕ್ಸಿಜನ್ ಲೆಕ್ಕ ತಪ್ಪುವುದು ಎಲ್ಲಿ?

2020ರಲ್ಲಿ ಕೋಲಾರದಂಥ ಜಿಲ್ಲೆಯ ಕೋವಿಡ್ ವಾರ್ಡಿಗೆ ಔಷಧಿಗಿಂತ ಆಕ್ಸಿಜನ್ನೇ ಆಧಾರ. 7,000 ಲೀಟರಿನ ಜಂಬೋ ಸಿಲಿಂಡರ್ ನಿಮಿಷಕ್ಕೆ 15 ಲೀಟರಿನಂತೆ ಹರಿಸಿದರೆ ಎಂಟು ಗಂಟೆಯೂ ಬಾರದು. ರಾತ್ರಿ ಪಾಳಿಗೆ ಮುಂಚೆಯೇ ಲೆಕ್ಕ ಹಾಕಿಡಬೇಕು. ಚೀಲವಿರುವ ಮಾಸ್ಕ್ ತೊಡಿಸುವ ಮೊದಲು ಚೀಲ ಪೂರ್ತಿ ಉಬ್ಬಿರಬೇಕು. ಉಸಿರೆಳೆದಾಗ ಅದು ಚಪ್ಪಟೆಯಾದರೆ ಹರಿವು ಸಾಲದು. ಗುರಿ, ರಕ್ತದ ಆಕ್ಸಿಜನ್ ಮಟ್ಟ ಶೇಕಡಾ 92ರಿಂದ 96. ಅದಕ್ಕೂ ಮೇಲೆ ಏರಿಸುವುದು ಪಕ್ಕದ ಮಂಚದವರ ಪಾಲನ್ನು ಕಸಿದಂತೆ.

'ಚೆನ್ನಾಗಿದೀನಿ ಸಾರ್' ಎನ್ನುವವರಲ್ಲೂ ಅಂಕಿ 80ಕ್ಕೆ ಇಳಿದಿರಬಹುದು. ಮಾತು ನಂಬಬೇಡಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಆಕ್ಸಿಮೀಟರ್ ಹಾಕುವ ಬೆರಳು ತಣ್ಣಗಿದ್ದರೆ ಉಜ್ಜಿ, ಬೆಚ್ಚಗೆ ಮಾಡಿ ಮತ್ತೆ ನೋಡಿ.

ಬೋರಲು ಮಲಗಿಸುವಾಗ ದಿಂಬು ಎದೆ, ಸೊಂಟದ ಕೆಳಗಿರಲಿ, ಹೊಟ್ಟೆ ಒತ್ತಬಾರದು. ಜೂನ್ ನಂತರ ಕೋವಿಡ್‌ಗೆ ಬಳಕೆಗೆ ಬಂದ ಸ್ಟೀರಾಯ್ಡ್ ಔಷಧಿ ಡೆಕ್ಸಾಮೆಥಾಸೋನ್, ದಿನಕ್ಕೆ 6 ಮಿಲಿಗ್ರಾಂ, ಆಕ್ಸಿಜನ್ ಬೇಕಾದವರಿಗಷ್ಟೇ. ಅದು ಸಕ್ಕರೆ ಏರಿಸುವುದರಿಂದ, ಸಕ್ಕರೆ ಕಾಯಿಲೆ ಇರಲಿ, ಇಲ್ಲದಿರಲಿ, ರಕ್ತದ ಸಕ್ಕರೆ ನೋಡುತ್ತಲೇ ಇರಬೇಕು.