ರಾತ್ರಿ ಹತ್ತಕ್ಕೆ ಮನೆ ಸೇರುವ ಊರು

ಐಸ್‌ಲ್ಯಾಂಡಿನಲ್ಲಿ ಮಕ್ಕಳಿರುವ ಮನೆಗಳ ಫ್ರಿಜ್ ಮೇಲೆ ಅಯಸ್ಕಾಂತದ ಪಟ್ಟಿಯೊಂದು ಅಂಟಿಕೊಂಡಿರುವುದುಂಟು. ಯಾವ ವಯಸ್ಸಿನವರು ಎಷ್ಟು ಗಂಟೆಯೊಳಗೆ ಮನೆ ಸೇರಬೇಕೆಂಬ ಕಾನೂನು ಅದರಲ್ಲಿದೆ. 13ರಿಂದ 16ರ ಮಕ್ಕಳಿಗೆ ಚಳಿಗಾಲದಲ್ಲಿ ರಾತ್ರಿ 10, ಬೇಸಿಗೆಯಲ್ಲಿ 12. ನಮ್ಮ ಹುಬ್ಬಳ್ಳಿಯವರಿಗೆ ಇದು ಪೊಲೀಸ್ ದರ್ಬಾರು ಎನಿಸಬಹುದು. ಆದರೆ ಓಣಿಗೆಲ್ಲ ಒಂದೇ ನಿಯಮವಿದ್ದರೆ, "ಎಲ್ಲರೂ ಹೊರಗಿದ್ದಾರೆ, ನನಗೊಬ್ಬನಿಗೇ ಯಾಕೆ?" ಎಂದು ಯಾವ ಮಗನೂ ತಾಯಿಯ ಮುಂದೆ ವಾದ ಹೂಡಲಾರ.

1998ರಲ್ಲಿ ಐಸ್‌ಲ್ಯಾಂಡಿನ 15-16ರ ಹರೆಯದವರಲ್ಲಿ ಶೇ. 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದರು. 2016ರ ಹೊತ್ತಿಗೆ ಅದು ಶೇ. 5ಕ್ಕೆ ಇಳಿದಿತ್ತು. ಭಾಷಣ ಬಿಗಿದು ಇಳಿಸಿದ್ದಲ್ಲ. ಹುಡುಗರು ಮೈ ಜುಮ್ಮೆನ್ನುವ ಸುಖಕ್ಕೋ, ಮನಸ್ಸಿನ ಭಾರ ಇಳಿಸಿಕೊಳ್ಳುವುದಕ್ಕೋ ಅಮಲಿನ ಬೆನ್ನು ಹತ್ತುತ್ತಾರೆ. ಅದನ್ನೇ ಬೇರೆ ದಾರಿಯಲ್ಲಿ ಕೊಡಿ ಎಂಬುದು ಅಮೆರಿಕದ ಮನಶ್ಶಾಸ್ತ್ರಜ್ಞ ಹಾರ್ವೆ ಮಿಲ್ಕ್‌ಮನ್ ಅವರ ವಾದ. ಆ ವಯಸ್ಸಿನಲ್ಲಿ ಮಿದುಳಿನ ಸುಖ ಬೇಡುವ ಭಾಗ ಚುರುಕು. ಕಡಿವಾಣ ಹಾಕುವ ಭಾಗ ಬಲಿಯಲು ಇಪ್ಪತ್ತೈದರ ಆಸುಪಾಸಾದರೂ ಆಗಬೇಕು. ಗೆಳೆಯರು ನೋಡುತ್ತಿದ್ದರಂತೂ ಹುಂಬ ಧೈರ್ಯಕ್ಕೆ ಎಣೆಯಿಲ್ಲ. ಹೀಗಾಗಿ ರಾಜಧಾನಿ ರೇಕ್ಯಾವಿಕ್‌ನ ನಗರಾಡಳಿತವು ಮಕ್ಕಳ ಆಟ, ಸಂಗೀತ, ನೃತ್ಯದ ಶುಲ್ಕಕ್ಕೆಂದು ಪ್ರತಿ ವರ್ಷ ಹಣ ಕೊಡುತ್ತದೆ. ವಾರಾಂತ್ಯದ ರಾತ್ರಿ ಅಪ್ಪ ಅಮ್ಮಂದಿರೇ ಗುಂಪಾಗಿ ಬೀದಿ ಸುತ್ತುತ್ತಾರೆ. (ನಮ್ಮಲ್ಲಿ ಕಟ್ಟೆಯ ಮೇಲೆ ಕುಳಿತ ಹಿರಿಯರು ಇದನ್ನು ಸಂಬಳವಿಲ್ಲದೆ ಮಾಡುತ್ತಿದ್ದರು, ಚಾಡಿಯನ್ನೂ ಸೇರಿಸಿ.)

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಪಿಯು ಓದುವ ಮಗ ಗೆಳೆಯನ ಹುಟ್ಟುಹಬ್ಬಕ್ಕೆ ಹೋಗಿ ಬಿಯರ್ ಕುಡಿದಿದ್ದಾನೆ. ಬಾಯಿತುಂಬ ಏಲಕ್ಕಿ ಅಗಿಯುತ್ತಾ ಒಳಗೆ ಬಂದನಂತೆ. ಏಲಕ್ಕಿಯೇ ಅವನನ್ನು ಹಿಡಿದುಕೊಟ್ಟಿತು. "ಎಲ್ಲ ಸಹವಾಸದೋಷ, ತಮ್ಮಾ" ಎಂದಳು. ಭಾವ ಕಪಾಳಕ್ಕೆ ಬಾರಿಸಿದ್ದೂ ಆಗಿದೆ, ಮೊಬೈಲ್ ಕಸಿದುಕೊಂಡದ್ದೂ ಆಗಿದೆ. ಯಾಕೆ ಕುಡಿದೆಯೆಂದು ಕೇಳುವುದೊಂದು ಬಾಕಿ.

ಹತ್ತನೇ ತರಗತಿಯವರೆಗೆ ಸಂಜೆಯಾದರೆ ನೆಹರೂ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗ ಅವನು. ಪಿಯುಗೆ ಹೆಸರು ಹಚ್ಚಿದ ವಾರವೇ ಬ್ಯಾಟು ಅಟ್ಟ ಸೇರಿತು. ಬೆಳಗ್ಗೆ ಕಾಲೇಜು, ಸಂಜೆ ಟ್ಯೂಷನ್, ರಾತ್ರಿ ಮಾದರಿ ಪ್ರಶ್ನೆಪತ್ರಿಕೆ. ಅಂಕದ ಮಾತಿಲ್ಲದೆ ನಾಲ್ಕು ಜನ ನಗುವ ಜಾಗವೆಂದು ಅವನಿಗೆ ಉಳಿದದ್ದು ಆ ಗೆಳೆಯನ ಮಹಡಿಯ ಕೋಣೆ ಮಾತ್ರ. ಅಲ್ಲಿ ಲೋಟ ಮುಂದೆ ಬಂದಾಗ ಒಲ್ಲೆ ಎಂದರೆ ಆ ಜಾಗವೂ ಹೋದಂತೆ.

ಸಂಜೆ ಒಂದು ತಾಸಾದರೂ ಅವನನ್ನು ಮೈದಾನಕ್ಕೆ ಬಿಡು ಎಂದೆ.

"ಸಿಇಟಿ ಒಂದು ಮುಗಿಯಲಿ" ಎಂದಳು ಅಕ್ಕ.