ಹಂತಕ್ಕೊಂದು ಟೈಮ್‌ಔಟ್ ಸಾಲದು, ಇಡೀ ವರ್ಕ್‌ಫ್ಲೋಗೆ ಗಡುವು ಬೇಕು

ವರ್ಕ್‌ಫ್ಲೋ ಅಂದರೆ ಹಂತಹಂತವಾಗಿ ಸಾಗುವ ಕೆಲಸ. ಅದರಲ್ಲಿ ಹಂತಗಳು ನಾಲ್ಕು, ಪ್ರತಿಯೊಂದಕ್ಕೂ 30 ಸೆಕೆಂಡು ಕಾಯುವ ಮಿತಿ, ಅಂದರೆ ಟೈಮ್‌ಔಟ್. ಹಾಗಾದರೆ ಎರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ ಎನ್ನುವ ಲೆಕ್ಕ ರಿಟ್ರೈ (ವಿಫಲವಾದಾಗ ಮತ್ತೆ ಪ್ರಯತ್ನಿಸುವುದು) ಸೇರಿದೊಡನೆ ತಪ್ಪುತ್ತದೆ. ಒಂದು ಹಂತ ಐದು ಸಲ ಪ್ರಯತ್ನಿಸಿದರೆ 150 ಸೆಕೆಂಡು, ನಡುವೆ 1, 2, 4, 8 ಸೆಕೆಂಡು ಕಾದದ್ದೂ ಸೇರಿ 165. ನಾಲ್ಕು ಹಂತಕ್ಕೆ 660 ಸೆಕೆಂಡು, ಅಂದರೆ 11 ನಿಮಿಷ. ಐದನೆಯ ಪ್ರಯತ್ನ ಕೊನೇ ಗಳಿಗೆಯಲ್ಲಿ ಫಲಿಸಿದರೆ ಡ್ಯಾಶ್‌ಬೋರ್ಡ್ ಹಸಿರಾಗಿಯೇ ಇರುತ್ತದೆ, ತಡವಾದದ್ದು ಯಾರಿಗೂ ತಿಳಿಯುವುದಿಲ್ಲ.

ಅನುಮೋದನೆ ಕೊಡುವವರು ಮನುಷ್ಯರಾದರೆ ಇದೇ ತೊಂದರೆ ದಿನಗಟ್ಟಲೆ ಬೆಳೆಯುತ್ತದೆ. ಅರ್ಜಿ ತಿದ್ದುಪಡಿಗೆಂದು ಹಿಂದಕ್ಕೆ ಹೋದಾಗಲೆಲ್ಲ ಆ ಹಂತದ 24 ಗಂಟೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಮೂರು ಸಲ ಓಡಾಡಿದರೂ ಯಾವ ಟೈಮರೂ ಕೂಗುವುದಿಲ್ಲ.

ಆದ್ದರಿಂದ ಅರ್ಜಿ ಕೈಸೇರಿದ ಕ್ಷಣದಲ್ಲೇ ಗಡುವನ್ನು ನಿಗದಿಮಾಡಿ ಬರೆದಿಡಿ. "72 ಗಂಟೆ" ಎಂಬ ಅವಧಿಯಾಗಿ ಅಲ್ಲ, ಇಂಥ ದಿನ ಇಷ್ಟು ಗಂಟೆ ಎಂದು, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ) ಸಮಯದಲ್ಲಿ. ಸರದಿಯಲ್ಲಿ ಕಾದ ಹೊತ್ತೂ ಆಗ ಲೆಕ್ಕಕ್ಕೆ ಬರುತ್ತದೆ. ಪ್ರತಿ ಹಂತವೂ ತನ್ನ ಟೈಮ್‌ಔಟ್ ಮತ್ತು ಉಳಿದಿರುವ ಸಮಯ, ಇವೆರಡರಲ್ಲಿ ಚಿಕ್ಕದನ್ನು ಬಳಸಲಿ. ಉಳಿದ ಸಮಯ ಇನ್ನೊಂದು ಪ್ರಯತ್ನಕ್ಕೆ ಸಾಲದಿದ್ದರೆ ರಿಟ್ರೈ ಶುರುಮಾಡಲೇಬಾರದು.

ಬಿಪಿಎಂಎನ್ (ಕೆಲಸದ ಹಂತಗಳನ್ನು ಚಿತ್ರವಾಗಿ ಬರೆಯುವ ಪದ್ಧತಿ) ಟೈಮರಿನಲ್ಲಿ 48 ಗಂಟೆ ಎಂದು ಬರೆದರೆ ಅದು ಗಡಿಯಾರದ 48 ಗಂಟೆ. ಶುಕ್ರವಾರ ಸಂಜೆ 5ಕ್ಕೆ ಬಂದ ಅರ್ಜಿಯ ಗಡುವು ಭಾನುವಾರ ಸಂಜೆ 5ಕ್ಕೆ ಮುಗಿಯುತ್ತದೆ. ಕೆಲಸದ ದಿನಗಳೇ ಬೇಕೆಂದಾದರೆ ರಜಾ ಪಟ್ಟಿ ನೋಡಿ ದಿನಾಂಕವನ್ನು ನೀವೇ ಲೆಕ್ಕಹಾಕಿ ಟೈಮರಿಗೆ ಕೊಡಬೇಕು.

ಎಷ್ಟು ಇಡಬೇಕು? ಸರಾಸರಿ ನೋಡಬೇಡಿ. ಮುಗಿದ ಅರ್ಜಿಗಳಲ್ಲಿ ನೂರಕ್ಕೆ 99 ಎಷ್ಟು ಹೊತ್ತಿನೊಳಗೆ ಮುಗಿದಿವೆ ನೋಡಿ. ಆ ಅಂಕಿ ಗ್ರಾಹಕರಿಗೆ ಕೊಟ್ಟ ಮಾತಿಗಿಂತ ದೊಡ್ಡದಾಗಿದ್ದರೆ ಸರಿಪಡಿಸಬೇಕಾದದ್ದು ಪ್ರಕ್ರಿಯೆ. ಗಡುವು ಬಿಗಿಮಾಡಿದರೆ ವಿಫಲವಾದ ಅರ್ಜಿಗಳು ಹೆಚ್ಚುತ್ತವೆ, ಅಷ್ಟೇ.

ಉಪಕರಣದ ಗರಿಷ್ಠ ಮಿತಿಯನ್ನೇ ಗಡುವೆಂದು ನಂಬುವುದು ನಮ್ಮ ಕೆಲಸದಲ್ಲಿ ತೀರಾ ಸಾಮಾನ್ಯವಾದ ತಪ್ಪು. ವರ್ಕ್‌ಫ್ಲೋ ನಡೆಸುವ ಮೈಕ್ರೋಸಾಫ್ಟ್ ಉಪಕರಣ ಪವರ್ ಆಟೊಮೇಟ್‌ನಲ್ಲಿ ಒಂದು ಫ್ಲೋ 30 ದಿನ ಬದುಕಿರಬಹುದು. ಅಮೆಜಾನಿನ ಸ್ಟೆಪ್ ಫಂಕ್ಷನ್ಸ್‌ನ ಸ್ಟ್ಯಾಂಡರ್ಡ್ ಬಗೆ ಒಂದು ವರ್ಷ. ಇಂಥದ್ದೇ ಇನ್ನೊಂದು ಉಪಕರಣವಾದ ಟೆಂಪೊರಲ್‌ನಲ್ಲಿ ಇಡೀ ವರ್ಕ್‌ಫ್ಲೋದ ಟೈಮ್‌ಔಟ್ ಬಡಿದರೆ ನಿಮ್ಮ ಕೋಡಿಗೆ ಅರ್ಧಕ್ಕೆ ನಿಂತದ್ದನ್ನು ಚೊಕ್ಕಮಾಡುವ ಅವಕಾಶವೂ ಸಿಗುವುದಿಲ್ಲ. ಅದಕ್ಕೇ ಒಳಗೊಂದು ಸ್ವಂತ ಟೈಮರ್ ಬೇಕು: 72 ಗಂಟೆಯ ಗಡುವಿದ್ದರೆ 36ಕ್ಕೆ ಅರ್ಜಿ ಹಿಡಿದವರಿಗೆ ನೆನಪೋಲೆ, 58ಕ್ಕೆ ಮೇಲಿನವರಿಗೆ ಸುದ್ದಿ, 70ಕ್ಕೆ ಕೆಲಸ ನಿಲ್ಲಿಸಿ ಕಾಯ್ದಿರಿಸಿದ್ದನ್ನು ಬಿಡುಗಡೆ ಮಾಡುವುದು. ಮೊದಲೆರಡು ಟೈಮರುಗಳು ಕೆಲಸವನ್ನು ತಡೆಯುವುದಿಲ್ಲ, ಕೊನೆಯದು ಮಾತ್ರ ತಡೆಯುವಂಥದ್ದು.

ಹಣ ಪಾವತಿಯ ಹಂತಕ್ಕೆ ಬೇರೆ ನಿಯಮ. ಪಾವತಿ ಕಳಿಸಿ ಉತ್ತರ ಬರುವ ಮೊದಲೇ ಗಡುವು ಮುಗಿದರೆ "ವಿಫಲ" ಎಂದು ಗುರುತು ಹಾಕಬೇಡಿ, ಹಣ ಹೋಗಿರಲೂಬಹುದು. ಸ್ಥಿತಿಯನ್ನು "ತಿಳಿಯದು" ಎಂದಿಟ್ಟು, ಅದೇ ಕೋರಿಕೆ ಸಂಖ್ಯೆಯಿಂದ ವಿಚಾರಿಸಿ, ಉತ್ತರ ಸಿಕ್ಕ ಮೇಲಷ್ಟೇ ಮುಂದಿನ ತೀರ್ಮಾನ. ಹೊಸ ಸಂಖ್ಯೆಯಲ್ಲಿ ಮತ್ತೆ ಕಳಿಸಿದರೆ ಎರಡು ಸಲ ಪಾವತಿಯಾಗುವ ಅಪಾಯವಿದೆ.